ಉಣ್ಣದವರ ಮೇಲೆ ಹೊಟ್ಟೆಕಿಚ್ಚು

ನಮ್ಮ ಕ್ಯಾಂಪಿನ ಅಡುಗೆಮನೆಯ ದೊಡ್ಡ ಫ್ರಿಜ್ಜಿನ ಬಾಗಿಲಲ್ಲಿ ಒಂದು ಪೋಸ್ಟ್‌ಕಾರ್ಡ್ ಉಂಟು. ಅಂಟಿಸಿದವನು ನಾನೇ. ಅದರಲ್ಲಿ ಒಂದು ಮನೆಯ ಪಕ್ಕದ ಗೋಡೆ, ಆ ಗೋಡೆಯ ತುಂಬ ಒಬ್ಬ ಯುವಕನ ಮುಖ. ಕತ್ತಿನವರೆಗೆ ಇಳಿದ ಕೂದಲು, ಈಗಷ್ಟೇ ಯಾರೋ ತಮಾಷೆ ಮಾಡಿದ್ದಾರೆ ಎನ್ನುವಂಥ ನಗು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ದಿನಕ್ಕೊಬ್ಬರಾದರೂ ಕೇಳುತ್ತಾರೆ, ಯಾರಿದು ಅಂತ. ಕೇರಳದವರ ಲೆಕ್ಕದಲ್ಲಿ ಅವನು ಹಳೇ ಫುಟ್‌ಬಾಲ್ ಆಟಗಾರ. ಬಿಹಾರದ ವೆಲ್ಡರುಗಳಿಗೆ ಇಂಗ್ಲಿಷ್ ಪಿಕ್ಚರಿನ ಹೀರೋ. ಟ್ರೇಲರ್ ಓಡಿಸುವ ಪಠಾಣರೊಬ್ಬರು ತುಂಬ ಹೊತ್ತು ನೋಡಿ, "ಶೀನಾಭಾಯ್, ದಾಮಾದ್ ಹೈ ಕ್ಯಾ?" ಎಂದು ಕೇಳಿದರು. ಅಳಿಯ ಎಲ್ಲಿಂದ ಬರಬೇಕು, ನನಗೆ ಮಗಳೇ ಇಲ್ಲ.

"ಇವನು ಜೈಲಿನಲ್ಲಿ ಊಟ ಬಿಟ್ಟು ಸತ್ತವನು" ಎಂದರೆ ಎಲ್ಲರೂ ಒಮ್ಮೆ ತಮ್ಮ ತಟ್ಟೆ ನೋಡಿಕೊಳ್ಳುತ್ತಾರೆ. ಆಮೇಲೆ ಮುಂದೆ ಹೋಗುತ್ತಾರೆ. ಅನ್ನ ಆರುತ್ತದಲ್ಲ.

ಊಟ ಬಿಟ್ಟವನ ಪಟ ಅಡುಗೆಮನೆಯಲ್ಲಿ ಯಾಕೆ ಎಂದು ನೀವೂ ಕೇಳಬಹುದು. ನಿಜ ಹೇಳುತ್ತೇನೆ, ಭಕ್ತಿಯಿಂದ ಅಂಟಿಸಿದ್ದಲ್ಲ, ಹೊಟ್ಟೆಕಿಚ್ಚಿನಿಂದ. ನಾನು ಹದಿಮೂರನೇ ವಯಸ್ಸಿಗೆ ಹೋಟೆಲು ಸೇರಿದವ. ಊರಿನ ಹೋಟೆಲು, ಮುಂಬಯಿಯ ಕ್ಯಾಂಟೀನು, ಆಮೇಲೆ ಈ ಒಮಾನಿಗೆ ಬಂದು ರೂವಿಯ ಹೋಟೆಲಿನಿಂದ ಹಿಡಿದು ದುಕ್ಮಿನ ಈ ಕ್ಯಾಂಪಿನವರೆಗೆ ನಾನು ಬಡಿಸಿದ ಅನ್ನವನ್ನು ಒಂದೇ ಕಡೆ ಸುರಿದರೆ ಇಲ್ಲಿಯ ಬಂದರಿನಲ್ಲಿ ಹಡಗು ನಿಲ್ಲಲಿಕ್ಕೆ ಜಾಗ ಸಾಲದು. ನನ್ನ ಮುಖ ಯಾವ ಗೋಡೆಯ ಮೇಲೂ ಇಲ್ಲ. ಗೋಡೆ ಬಿಡಿ, ನೋಟೀಸ್ ಬೋರ್ಡಿನ ಮೆನುವಿನ ಕೆಳಗಿನ ಸಹಿ ಕೂಡ ಕ್ಯಾಂಪ್ ಬಾಸಿನದು. ಮೊಟ್ಟೆ ಬೇಯಲಿಕ್ಕೆ ಎಷ್ಟು ನಿಮಿಷ ಬೇಕೆಂದು ಆ ಮನುಷ್ಯನಿಗೆ ಇವತ್ತಿಗೂ ಗೊತ್ತಿಲ್ಲ. ಹೀಗಿರುವಾಗ, ಊಟ ಬೇಡ ಎಂದವನಿಗೆ ಎರಡು ಮಾಳಿಗೆ ಎತ್ತರದ ಮುಖ! ನೀವೇ ಹೇಳಿ, ಉರಿಯುವುದಿಲ್ಲವಾ?

ಹಾಗೆಂದು ಉಪವಾಸದ ವಿಷಯ ನನಗೆ ಗೊತ್ತಿಲ್ಲದ್ದಲ್ಲ. ನಾನೂರು ಜನರ ಅಡುಗೆ ಮಾಡುವವನಿಗೆ ಯಾರು ಯಾವತ್ತು ಉಣ್ಣುವುದಿಲ್ಲ ಎಂದು ತಿಳಿದಿರುವುದೇ ದೊಡ್ಡ ವಿದ್ಯೆ. ರಂಜಾನಿನಲ್ಲಿ ಸಂಜೆಯ ಬಾಂಗು ಕೇಳುವಾಗ ಖರ್ಜೂರ, ಮಜ್ಜಿಗೆ, ಪಕೋಡ ಮೇಜಿನ ಮೇಲೆ ಇರಬೇಕು, ಒಂದು ನಿಮಿಷ ಆಚೆ ಈಚೆ ಆಗಬಾರದು. ಗುಡ್ ಫ್ರೈಡೇಗೆ ಕ್ರಿಶ್ಚಿಯನ್ನರಿಗೆ ಗಂಜಿ, ಚಟ್ನಿ. ನವರಾತ್ರಿಗೆ ಉತ್ತರದವರಿಗೆ ಸಬ್ಬಕ್ಕಿ. ನಮ್ಮ ಕಡೆಯವರ ಸಂಕಷ್ಟಿ, ಸೋಣ ತಿಂಗಳ ಶನಿವಾರ ಎಲ್ಲ ನನ್ನ ಬಾಯಿಪಾಠ. ನಮ್ಮದು ಸುಲಭ. ಅನ್ನ ಒಂದು ಇಲ್ಲ, ಉಳಿದದ್ದೆಲ್ಲ ಉಂಟು. ಅನ್ನ ಬಿಟ್ಟರೆ ಉಪವಾಸ ಆಯಿತು, ಹೊಟ್ಟೆ ಖಾಲಿ ಇರಬೇಕು ಅಂತ ನಮಗೆ ಯಾರೂ ಹೇಳಿಕೊಡಲಿಲ್ಲ. ನನ್ನ ಅಮ್ಮ ಉಪವಾಸದ ದಿನ ತಿನ್ನುತ್ತಿದ್ದಷ್ಟು ಅವಲಕ್ಕಿಯನ್ನು ಬೇರೆ ದಿನ ತಿಂದದ್ದು ನಾನು ಕಂಡಿಲ್ಲ.

ಆದ್ದರಿಂದ ಹೋದ ವರ್ಷ ಒಂದು ಬೆಳಿಗ್ಗೆ ಟೈಮ್‌ಕೀಪರ್ ಫೆಲಿಕ್ಸ್ ಬಂದು, "ಶೀನಣ್ಣ, ಇವತ್ತು ಡೆಕ್ಲನ್ ಸಾಹೇಬರಿಗೆ ಉಪವಾಸವಂತೆ" ಎಂದಾಗ ನಾನು ಗಾಬರಿಯಾಗಲಿಲ್ಲ.

ಡೆಕ್ಲನ್ ಅಂದರೆ ಪೈಪ್‌ಲೈನಿನ ಇನ್‌ಸ್ಪೆಕ್ಟರ್, ಐರ್ಲೆಂಡಿನವ. ನಲವತ್ತರ ಹತ್ತಿರದ ವಯಸ್ಸು, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ, ಇಲ್ಲಿಯ ಬಿಸಿಲಿಗೆ ಬೇಯಿಸಿದ ಏಡಿಯ ಬಣ್ಣ. ಸಾಹೇಬರಿಗೆಲ್ಲ ಬೇರೆ ಮೆಸ್ ಉಂಟು, ಎಸಿ ಉಂಟು, ಮೇಜಿಗೆ ಬಟ್ಟೆ ಉಂಟು. ಇವನು ಅದನ್ನು ಬಿಟ್ಟು ನಮ್ಮ ಸಾಲಿನಲ್ಲಿ ಬಂದು ನಿಲ್ಲುತ್ತಿದ್ದ. ನನ್ನ ಮೀನು ಸಾರನ್ನು ಎರಡು ಸಲ ಹಾಕಿಸಿಕೊಂಡು, ಮೂಗು ಒರೆಸಿಕೊಂಡು, "ಚೀಫ್, ವೆರಿ ಗುಡ್" ಎನ್ನುತ್ತಿದ್ದ. ಈ ಒಮಾನಿನಲ್ಲಿ ನನ್ನನ್ನು ಚೀಫ್ ಎಂದವನು ಅವನೊಬ್ಬನೇ. ಆದ್ದರಿಂದ ಅವನ ಉಪವಾಸಕ್ಕೆ ನಾನೇ ಕೈಯಾರೆ ತಯಾರಿ ಮಾಡಿದೆ. ಸಾಸಿವೆ, ಕರಿಬೇವು ಹಾಕಿ ಒಗ್ಗರಣೆ ಅವಲಕ್ಕಿ, ಮೇಲೆ ತೆಂಗಿನತುರಿ. ಎರಡು ಬಾಳೆಹಣ್ಣು. ಸಬ್ಬಕ್ಕಿ ಪಾಯಸ. ಒಂದು ಲೋಟ ಬಿಸಿ ಹಾಲು. ಅವನ ದೇವರು ಯಾರಾದರೆ ಎಂತ, ಅನ್ನ ಇಲ್ಲದಿದ್ದರೆ ಆಯಿತಲ್ಲ ಎಂದು ರೂಮಿಗೆ ಕಳಿಸಿಕೊಟ್ಟೆ.

ಮಧ್ಯಾಹ್ನ ತಟ್ಟೆ ವಾಪಸು ಬಂತು. ಪಾಯಸದ ಮೇಲೆ ಕೆನೆ ಕಟ್ಟಿತ್ತು, ಚಮಚ ಅದ್ದಿದ ಗುರುತಿಲ್ಲ.

ನನ್ನದೊಂದು ಅಭ್ಯಾಸ ಉಂಟು. ಊಟ ಮುಗಿದ ಮೇಲೆ ಎಂಜಲಿನ ಡ್ರಮ್ಮಿನ ಹತ್ತಿರ ಹೋಗಿ ನಿಲ್ಲುವುದು. ಜನ ಬಾಯಲ್ಲಿ ಗುಡ್ ಗುಡ್ ಅನ್ನುತ್ತಾರೆ, ನಿಜ ಏನೆಂದು ಡ್ರಮ್ಮಿನಲ್ಲಿ ಬಿದ್ದಿರುತ್ತದೆ. ಬೀನ್ಸ್ ಬಿದ್ದಿದ್ದರೆ ಬೆಂದಿಲ್ಲ, ಅನ್ನ ಬಿದ್ದಿದ್ದರೆ ಸಾರು ಸರಿ ಇಲ್ಲ. ಆದರೆ ಮುಟ್ಟದೆ ಬಂದ ತಟ್ಟೆಯಲ್ಲಿ ಓದಲಿಕ್ಕೆ ಏನೂ ಇರುವುದಿಲ್ಲ. ಅದು ಬಾಗಿಲು ಮುಖಕ್ಕೆ ಹಾಕಿದ ಹಾಗೆ. ಆ ಪಾಯಸವನ್ನು ನಾನೇ ತಿಂದೆ. ಚೆನ್ನಾಗಿತ್ತು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ನಾಲ್ಕು ಗಂಟೆಗೆ ಡೆಕ್ಲನ್ ತಾನೇ ಅಡುಗೆಮನೆಗೆ ಬಂದ, ಜೊತೆಯಲ್ಲಿ ಫೆಲಿಕ್ಸ್. ಫೆಲಿಕ್ಸ್ ಮಂಗಳೂರಿನ ಕೊಂಕಣಿಯವ, ಡಿಗ್ರಿ ಮಾಡಿದವ. ನನ್ನ ಇಂಗ್ಲಿಷ್ ಈರುಳ್ಳಿ, ಎಣ್ಣೆ, ಉಪ್ಪಿನಲ್ಲಿ ಮುಗಿಯುತ್ತದೆ, ಅವನದು ಅಲ್ಲಿಂದ ಶುರು.

"ಸಾರಿ ಚೀಫ್," ಎಂದ ಡೆಕ್ಲನ್. "ಫುಡ್ ನೋ ಪ್ರಾಬ್ಲಂ. ಮೀ ಪ್ರಾಬ್ಲಂ." ನನ್ನ ಹತ್ತಿರ ಮಾತಾಡಲಿಕ್ಕೆ ಪಾಪ ಅವನು ನನ್ನ ಇಂಗ್ಲಿಷ್ ಕಲಿತಿದ್ದ.

ಅಕ್ಕಿ ಮೂಟೆಯ ಮೇಲೆ ಕೂತು ಅವನು ಹೇಳಿದ, ಫೆಲಿಕ್ಸ್ ಕನ್ನಡ ಮಾಡಿದ. ನಲವತ್ತು ವರ್ಷ ದಾಟಿತಂತೆ. ಅವರ ಊರು ಬ್ರಿಟಿಷರ ಕೈಯಲ್ಲಿತ್ತು, ಈಗಲೂ ಉಂಟಂತೆ. ಅದರ ವಿರುದ್ಧ ಬಂದೂಕು ಹಿಡಿದು ಜೈಲಿಗೆ ಹೋದವರು, ನಾವು ಕಳ್ಳರಲ್ಲ, ರಾಜಕೀಯ ಕೈದಿಗಳು, ಕಳ್ಳರ ಬಟ್ಟೆ ಹಾಕುವುದಿಲ್ಲ, ನಮ್ಮ ಬಟ್ಟೆ ನಮಗೆ ಕೊಡಿ ಎಂದು ಹಟ ಹಿಡಿದರು. ಸರಕಾರ ಬಗ್ಗಲಿಲ್ಲ. ಒಬ್ಬರ ಹಿಂದೆ ಒಬ್ಬರು ಊಟ ಬಿಟ್ಟರು. ನೀರು, ಉಪ್ಪು, ಅಷ್ಟೇ. ಹತ್ತು ಜನ ಸತ್ತರು, ಎಲ್ಲ ಹುಡುಗರು. ಅವರ ಮುಖಗಳು ಇವತ್ತಿಗೂ ಅಲ್ಲಿಯ ಗೋಡೆಗಳ ಮೇಲೆ ಉಂಟು, ಬಣ್ಣ ಮಾಸಿದರೆ ಮತ್ತೆ ಬಳಿಯುತ್ತಾರೆ. ಅವರಿಂದಾಗಿ ಬಂದೂಕು ಹಿಡಿದವರು ಉಂಟು, ಬಂದೂಕಿನಿಂದ ಸತ್ತವರ ಮನೆಯವರು ಆ ಗೋಡೆ ಕಂಡರೆ ಮುಖ ತಿರುಗಿಸುವುದೂ ಉಂಟು. ಎರಡೂ ಹೇಳಬೇಕು ಎಂದ ಡೆಕ್ಲನ್. ಅವನ ಅಪ್ಪ ಕೂಡ ಊಟ ಬಿಟ್ಟವರಲ್ಲಿ ಒಬ್ಬ.

"ದಿನಕ್ಕೆ ಮೂರು ಸಲ ಮಂಚದ ಪಕ್ಕ ತಟ್ಟೆ ತಂದಿಡುತ್ತಿದ್ದರಂತೆ" ಎಂದ ಫೆಲಿಕ್ಸ್. "ಮೊದಲಿಗಿಂತ ಒಳ್ಳೆಯ ಊಟ, ಮೊದಲಿಗಿಂತ ಜಾಸ್ತಿ. ಆಸೆ ಹುಟ್ಟಿಸಲಿಕ್ಕೆ ಅಂತ ಅಪ್ಪ ಹೇಳುತ್ತಿದ್ದರಂತೆ. ಕರಿದ ಆಲೂಗಡ್ಡೆಯ ಪರಿಮಳ ಸಾಯುವವರೆಗೂ ಅವರಿಗೆ ಆಗುತ್ತಿರಲಿಲ್ಲವಂತೆ."

"ಮಾಡುತ್ತಿದ್ದವರು ಯಾರು?" ಎಂದು ಕೇಳಿದೆ.

"ಎಂತ?"

"ಆ ಊಟ ಮಾಡುತ್ತಿದ್ದವರು ಯಾರು? ವಾಪಸು ಬಂದ ತಟ್ಟೆಯನ್ನು ಎಂತ ಮಾಡುತ್ತಿದ್ದರು? ಕೇಳು."

"ಶೀನಣ್ಣ, ಜನ ಸತ್ತದ್ದು ಹೇಳುತ್ತಿದ್ದಾರೆ, ನಿಮಗೆ ತಟ್ಟೆಯ ಚಿಂತೆ!"

"ಕೇಳು ಮಾರಾಯ, ನಿನಗೆ ಎಂತ ಖರ್ಚು?"

ಫೆಲಿಕ್ಸ್ ಕೇಳಿದ. ಡೆಕ್ಲನ್ ನನ್ನ ಮುಖ ನೋಡಿದ. ಈ ಕತೆ ಎಷ್ಟೋ ಜನರಿಗೆ ಹೇಳಿದ್ದೇನೆ, ಇದನ್ನು ಯಾರೂ ಕೇಳಿರಲಿಲ್ಲ, ನನಗೂ ಗೊತ್ತಿಲ್ಲ ಎಂದ. ನನಗೆ ಗೊತ್ತಿತ್ತು. ಯಾರೋ ನನ್ನಂಥವ. ದಿನಕ್ಕೆ ಮೂರು ಹೊತ್ತು ಮಾಡಿ ಕಳಿಸಿ, ಮೂರು ಹೊತ್ತು ಹಾಗೇ ವಾಪಸು ಬಂದದ್ದನ್ನು ನೋಡಿದವ. ಅವನ ಪಟ ಯಾರು ಬರೆಯುತ್ತಾರೆ?

ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಐವತ್ತು ದಿನ ದಾಟಿದ ಮೇಲೆ ಡೆಕ್ಲನ್‌ನ ಅಪ್ಪನಿಗೆ ಪ್ರಜ್ಞೆ ತಪ್ಪಿತಂತೆ. ಪ್ರಜ್ಞೆ ತಪ್ಪಿದವನ ಮಾತು ನಡೆಯುವುದಿಲ್ಲ, ಹತ್ತಿರದ ಸಂಬಂಧಿಕರು ಸಹಿ ಮಾಡಿದರೆ ಡಾಕ್ಟರು ಉಳಿಸಬಹುದು. ಅಪ್ಪನ ಅಮ್ಮ, ಅಂದರೆ ಡೆಕ್ಲನ್‌ನ ಅಜ್ಜಿ, ಸಹಿ ಹಾಕಿದಳು. ಮಗ ಬದುಕಿದ. ಜೈಲಿನಿಂದ ಬಂದು ಮದುವೆಯಾದ, ಬಸ್ಸು ಓಡಿಸಿದ. ದಿನಾ ಆ ಗೋಡೆಗಳ ಮುಂದೆಯೇ ಓಡಿಸಬೇಕಿತ್ತು. ಜೊತೆಯವರೆಲ್ಲ ಗೋಡೆಯ ಮೇಲೆ ಇಪ್ಪತ್ತೈದು ವರ್ಷದವರಾಗಿ ನಗುತ್ತಿದ್ದಾರೆ, ಇವನಿಗೆ ಕೂದಲು ಉದುರುತ್ತಾ ಉಂಟು.

ಪ್ರತಿ ಭಾನುವಾರ ಅವನು ಅಮ್ಮನ ಮನೆಗೆ ಹೋಗುತ್ತಿದ್ದನಂತೆ. ನಲ್ಲಿ ರಿಪೇರಿ, ಬಾಗಿಲಿಗೆ ಬಣ್ಣ, ಏನು ಕೆಲಸ ಇದ್ದರೂ ಮಾಡುತ್ತಿದ್ದ. ಆದರೆ ಅಲ್ಲಿ ಒಂದು ದಿನವೂ ಉಣ್ಣಲಿಲ್ಲ. ಚಹಾ ಕೂಡ ಮನೆಯಿಂದ ಫ್ಲಾಸ್ಕಿನಲ್ಲಿ ತರುತ್ತಿದ್ದ. ಅಜ್ಜಿ ಪ್ರತಿ ಭಾನುವಾರ ಅವನಿಗೆ ತಟ್ಟೆ ಇಡುತ್ತಿದ್ದಳು. ಇಪ್ಪತ್ತು ವರ್ಷ ಇಟ್ಟಳು, ಸಾಯುವವರೆಗೆ.

"ಆ ತಟ್ಟೆಯಲ್ಲಿದ್ದದ್ದನ್ನು ಯಾರು ತಿನ್ನುತ್ತಿದ್ದರು?" ಎಂದೆ. ಈ ಸಲ ಫೆಲಿಕ್ಸ್ ನನ್ನನ್ನು ಬೈಯಲಿಲ್ಲ.

ಡೆಕ್ಲನ್ ತನ್ನ ಎದೆ ಮುಟ್ಟಿಕೊಂಡ. "ಮೀ. ಎವ್ರಿ ಸಂಡೇ. ಲುಕ್ ಚೀಫ್, ಸೋ ಬಿಗ್."

ಅವನು ಉಪವಾಸ ಮಾಡುವುದು ಯಾರೋ ಸತ್ತ ದಿನ ಅಲ್ಲವಂತೆ, ಅಜ್ಜಿ ಸಹಿ ಹಾಕಿದ ದಿನ. ಅಪ್ಪ ಇರುವವರೆಗೆ ಅಪ್ಪ ಮಾಡುತ್ತಿದ್ದರು, ಈಗ ಅವರು ಹೋದ ಮೇಲೆ ಇವನು. ಅಪ್ಪನಿಗೋಸ್ಕರವಾ, ಅಜ್ಜಿಗೋಸ್ಕರವಾ ಎಂದು ಫೆಲಿಕ್ಸ್ ಕೇಳಿದ. ಇನ್ನೂ ತೀರ್ಮಾನ ಮಾಡಿಲ್ಲ ಎಂದ ಡೆಕ್ಲನ್. ಮರುದಿನ ಮೂರು ಸಲ ಮೀನು ಸಾರು ಹಾಕಿಸಿಕೊಂಡು, ಆ ಪೋಸ್ಟ್‌ಕಾರ್ಡ್ ಕೊಟ್ಟ. ಅದು ಅವನ ಅಪ್ಪನದಲ್ಲ, ಅಪ್ಪನ ಸ್ನೇಹಿತನದು. ಅಪ್ಪನದು ಇಲ್ಲವಲ್ಲ.

ಆ ವಾರವೆಲ್ಲ ನನ್ನ ತಲೆಯಲ್ಲಿ ಸುತ್ತಿದ್ದು ಐರ್ಲೆಂಡಿನವರಲ್ಲ, ನನ್ನ ತಮ್ಮ ಸುಧಾಕರ.

ನಮ್ಮ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಎಷ್ಟು ಮಿಂದರೂ ಕಿವಿಯ ಹಿಂದೆ ಕೆಂಪು ಧೂಳು ಉಳಿಯುತ್ತಿತ್ತು. ಅಮ್ಮ ಬೀಡಿ ಕಟ್ಟುತ್ತಿದ್ದಳು. ಕಾರ್ಖಾನೆ ಮುಚ್ಚಿದ ವರ್ಷ ನಾನು ಏಳನೇ ಕ್ಲಾಸು ಪಾಸಾದೆ. ಓದುವುದರಲ್ಲಿ ನಾನು ಹಿಂದೆ ಇರಲಿಲ್ಲ, ಮಾಸ್ಟ್ರು ನನ್ನ ಅಕ್ಷರ ತೋರಿಸಿ ಉಳಿದವರಿಗೆ ಬೈಯುತ್ತಿದ್ದರು. ಒಂದು ಸಂಜೆ ಗಂಜಿ ಉಣ್ಣುವಾಗ ಅಪ್ಪ ತಟ್ಟೆಯಿಂದ ತಲೆ ಎತ್ತದೆ, "ಸೋಮವಾರದಿಂದ ನೀನು ಹೋಟೆಲಿಗೆ ಹೋಗು. ಮಾತಾಡಿ ಬಂದಿದ್ದೇನೆ" ಎಂದರು. ನಾನು ಎಂತ ಮಾಡಿದೆ ಗೊತ್ತುಂಟಾ? ಇನ್ನೊಂದು ಸೌಟು ಗಂಜಿ ಹಾಕಿಸಿಕೊಂಡೆ. ಒಣಮೀನಿನ ಚಟ್ನಿ ಇತ್ತು ಆವತ್ತು. ಚೆನ್ನಾಗಿತ್ತು.

ಎರಡು ವರ್ಷದ ಮೇಲೆ ಸುಧಾಕರನ ಸರದಿ. ಅವನಿಗೂ ಅದೇ ಮಾತು, ಅದೇ ಹೋಟೆಲು. ಅವನು ತಟ್ಟೆ ದೂಡಿ ಎದ್ದ. "ಹೈಸ್ಕೂಲಿಗೆ ಕಳಿಸುವವರೆಗೆ ಈ ಮನೆಯ ಅನ್ನ ಮುಟ್ಟುವುದಿಲ್ಲ" ಎಂದ. ಹನ್ನೆರಡು ವರ್ಷದ ಪೋರ! ನನಗೆ ಸುದ್ದಿ ಮುಟ್ಟಿದಾಗ ನಾನು ಹೋಟೆಲಿನಲ್ಲಿ ಮೇಜು ಒರೆಸುವುದರಿಂದ ಮೇಲೆ ಬಂದು ಬನ್ಸ್ ಕರಿಯುವ ಬಾಣಲೆಗೆ ಬಡ್ತಿ ಪಡೆದಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ಬಸ್ಸು ಹತ್ತಿ ಓಡಿದೆ. ಗೇರುಮರದ ಹಿಂದೆ ಮುಖ ಬಾಡಿಸಿ ಕೂತಿದ್ದ. ಪೇಪರಿನಲ್ಲಿ ಕಟ್ಟಿ ತಂದ ನಾಲ್ಕು ಬನ್ಸ್ ಕೊಟ್ಟೆ. "ಅನ್ನ ಅಲ್ಲವಲ್ಲ?" ಎಂದು ಕೇಳಿದ. "ಅಲ್ಲ, ಮೈದಾ, ಬಾಳೆಹಣ್ಣು" ಎಂದೆ. ತಿಂದ. ಮರುದಿನ ನಾಲ್ಕು. ಮೂರನೆಯ ದಿನ ಮೂರೂವರೆ ತಿಂದು, ಅರ್ಧ ಬಿಟ್ಟು, "ಇವತ್ತು ಜೀರಿಗೆ ಜಾಸ್ತಿಯಾಗಿದೆ" ಎಂದ. ಆ ಸಂಜೆ ಅಪ್ಪ ಸೋತರು. "ಹೋಗು, ಎಲ್ಲಿಗೆ ಬೇಕಾದರೂ ಹೋಗಿ ಓದು" ಎಂದರು. ಅಮ್ಮ ಅತ್ತಳು. ಇಡೀ ಕೇರಿ ಅವನ ಗಟ್ಟಿತನವನ್ನು ಹೊಗಳಿತು.

ಈಗ ಸುಧಾಕರ ಮಸ್ಕತ್ತಿನಲ್ಲಿ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಮ್ಯಾನೇಜರ್. ಅಲ್ ಗುಬ್ರಾದಲ್ಲಿ ಫ್ಲಾಟು, ಹೆಂಡತಿ ವನಿತಾ, ಒಬ್ಬಳೇ ಮಗಳು ಅನ್ವಿತಾ, ಬಿಳಿ ಕಾರು. ಒಂದೇ ದೇಶದಲ್ಲಿ ಅಣ್ಣ ಕ್ಯಾಂಪಿನಲ್ಲಿ, ತಮ್ಮ ಫ್ಲಾಟಿನಲ್ಲಿ. ಮಗಳು ತಟ್ಟೆಯಲ್ಲಿ ಏನಾದರೂ ಬಿಟ್ಟರೆ ಸಾಕು, "ನಾನು ಓದಲಿಕ್ಕೋಸ್ಕರ ಮೂರು ದಿನ ಊಟ ಬಿಟ್ಟವ, ಗೊತ್ತುಂಟಾ?" ಎಂದು ಅವನ ಭಾಷಣ ಶುರು. ಅವಳು "ಪಪ್ಪಾ, ನಾಟ್ ಅಗೇನ್" ಎನ್ನುತ್ತಾಳೆ. ನಾನು ಅಲ್ಲೇ ಕೂತು ಸಾರು ಸುರಿಯುತ್ತಿರುತ್ತೇನೆ. ಆ ಕತೆಯಲ್ಲಿ ಗೇರುಮರ ಉಂಟು, ಅಪ್ಪ ಉಂಟು, ಅಮ್ಮನ ಕಣ್ಣೀರು ಉಂಟು. ಹನ್ನೊಂದೂವರೆ ಬನ್ಸ್ ಇಲ್ಲ.

ಬನ್ಸಿನ ವಿಷಯ ಹೋಗಲಿ. ಅವನು ತಿಂದದ್ದು ನನಗೆ ಬೇಸರವಿಲ್ಲ. ನನ್ನ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಬೇಡ ಎನ್ನಬಹುದು ಎನ್ನುವುದೇ ನನಗೆ ಹೊಳೆಯಲಿಲ್ಲ. ತಟ್ಟೆಯನ್ನು ನಾಲ್ಕು ಅಂಗುಲ ಆಚೆ ದೂಡಿದರೆ ಬದುಕು ಬೇರೆ ಕಡೆ ತಿರುಗುತ್ತದೆ ಎಂದು ಹನ್ನೆರಡು ವರ್ಷದ ಅವನಿಗೆ ಗೊತ್ತಿತ್ತು. ಹದಿಮೂರರ ನನಗೆ ಗೊತ್ತಿದ್ದದ್ದು ಚಟ್ನಿಗೆ ಹುಳಿ ಸರಿಯಾಗಿದೆ ಎಂದು ಮಾತ್ರ.

ಈ ವರ್ಷ ಹನ್ನೆರಡನೇ ಕ್ಲಾಸಿನ ರಿಸಲ್ಟ್ ಬಂದ ಮೇಲೆ ಸುಧಾಕರನ ಫೋನು ಬಂತು. ಅವನು ನನಗೆ 'ಹೇಗಿದ್ದೀ' ಎಂದು ಕೇಳುವ ಮೊದಲೇ ವಿಷಯಕ್ಕೆ ಬಂದನೆಂದರೆ ಗಂಡಾಂತರ ಅಂತ ಅರ್ಥ.

"ಅಣ್ಣ, ಅನ್ವಿತಾ ನಿನ್ನೆಯಿಂದ ಊಟ ಬಿಟ್ಟಿದ್ದಾಳೆ."

"ಯಾಕೆ?"

"ಅವಳಿಗೆ ಅಡುಗೆ ಕಲಿಯಬೇಕಂತೆ. ಅದಕ್ಕೆ ಊರಿನ ಕಡೆ ಮೂರು ವರ್ಷದ ಕಾಲೇಜಂತೆ. ಭಾನುವಾರ ಕಡೇ ದಿನ, ಫಾರಮ್ಮಿಗೆ ನನ್ನ ಸಹಿ ಬೇಕಂತೆ. ನಾನು ಹಾಕುವುದಿಲ್ಲ. ಎಂಜಿನಿಯರಿಂಗ್ ಸೀಟು ಸಿಗುವ ಮಾರ್ಕು ಉಂಟು ಅವಳಿಗೆ. ನೀನು ಬಂದು ಒಂದು ತುತ್ತು ಉಣ್ಣಿಸು ಅಣ್ಣ. ನಿನ್ನ ಕೈಯಿಂದಾದರೆ ಬೇಡ ಅನ್ನುವುದಿಲ್ಲ ಅವಳು."

ಶುಕ್ರವಾರ ನಸುಕಿಗೇ ಬಸ್ಸು ಹತ್ತಿದೆ. ದುಕ್ಮಿನಿಂದ ಮಸ್ಕತ್ತಿಗೆ ಏಳು ಗಂಟೆ, ಕಿಟಕಿಯ ಹೊರಗೆ ಮರಳು, ಮರಳಾದ ಮೇಲೆ ಕಲ್ಲು. ಅಷ್ಟು ಹೊತ್ತೂ ಒಂದೇ ಯೋಚನೆ. ಅವಳು ನನ್ನ ಮಾತಿಗೆ ಉಣ್ಣುತ್ತಾಳೆ, ಅದರಲ್ಲಿ ಸಂಶಯವಿಲ್ಲ. ಈದ್ ರಜೆಯಲ್ಲಿ ನಾನು ಅವರ ಮನೆಯಲ್ಲಿ ಅಡುಗೆ ಮಾಡುವಾಗ ಕಟ್ಟೆಯ ಮೇಲೆ ಹತ್ತಿ ಕೂತು, "ದೊಡ್ಡಪ್ಪ, ವಾಸನೆಯಲ್ಲೇ ಉಪ್ಪು ಹೇಗೆ ಗೊತ್ತಾಗುತ್ತದೆ?" ಎಂದು ಕೇಳುತ್ತಿದ್ದ ಹುಡುಗಿ. ಆದರೆ ನಾನು ಉಣ್ಣಿಸಿದರೆ ಅವಳ ಫಾರಮ್ಮು ಹೋಯಿತು. ಮುಂದೆ ಅವಳು ನನ್ನ ಕೈಯ ಊಟ ಉಣ್ಣುವುದುಂಟಾ? ಐರ್ಲೆಂಡಿನ ಆ ಅಜ್ಜಿಗಾದರೆ ಮಗನ ಜೀವ ಉಳಿಸಬೇಕಿತ್ತು. ನನಗೆ ಉಳಿಸಲಿಕ್ಕಿದ್ದದ್ದು ತಮ್ಮನ ಮರ್ಯಾದೆ. ಗುಟ್ಟಿನಲ್ಲಿ ಬನ್ಸ್ ಕೊಟ್ಟು ಅವಳನ್ನು ಗೆಲ್ಲಿಸಲಾ ಎಂದೂ ಅನ್ನಿಸಿತು. ಆಗ ನನ್ನನ್ನು ಬಿಟ್ಟು ಹೇಳುವ ಇನ್ನೊಂದು ಕತೆಯಾಗುತ್ತದೆ ಅದು. ಮತ್ತೆ, ಇದನ್ನೂ ಬರೆಯುತ್ತೇನೆ, ಅವಳ ಮೇಲೂ ನನಗೆ ಉರಿ ಬಂದಿತ್ತು. ಯಾವುದರಿಂದ ತಪ್ಪಿಸಿಕೊಳ್ಳಲು ನನ್ನ ತಮ್ಮ ಊಟ ಬಿಟ್ಟನೋ, ಅದೇ ಬೇಕು ಅಂತ ಇವಳು ಊಟ ಬಿಟ್ಟಿದ್ದಾಳೆ. ನಾನು ಕೇಳದೆ ಸಿಕ್ಕಿದ್ದಕ್ಕೆ ಬೆಲೆ ಉಂಟೆಂದು ನನಗೆ ಮೊದಲೇ ಯಾರಾದರೂ ಹೇಳಬಾರದಿತ್ತಾ?

ವನಿತಾ ಬಾಗಿಲು ತೆಗೆದಳು. "ಬನ್ನಿ ಭಾವ. ಒಳಗೆ ಒಬ್ಬಳು ಮಾತಾಡುವುದಿಲ್ಲ, ಹೊರಗೆ ಒಬ್ಬರು ಮಾತು ನಿಲ್ಲಿಸುವುದಿಲ್ಲ. ನನಗೆ ಸಾಕಾಯಿತು."

ಅನ್ವಿತಾ ರೂಮಿನಲ್ಲಿ ಮೊಬೈಲು ನೋಡುತ್ತಾ ಮಲಗಿದ್ದಳು.

"ನೀರು ಕುಡಿಯುತ್ತೀಯಾ?"

"ಆಫ್ ಕೋರ್ಸ್ ದೊಡ್ಡಪ್ಪ. ಹಾಲು, ಜ್ಯೂಸು ಎಲ್ಲ ಕುಡೀತೇನೆ. ಐ ಆಮ್ ನಾಟ್ ಸ್ಟುಪಿಡ್." ಆಮೇಲೆ ಎದ್ದು ಕೂತಳು. "ಪಪ್ಪಾ ನಿಜವಾಗಿ ಮೂರು ದಿನ ಏನೂ ತಿಂದಿರಲಿಲ್ಲವಾ?"

ಬಾಯಿ ತುದಿಗೆ ಬಂದಿತ್ತು. ನಲವತ್ತು ವರ್ಷ ಕಾದ ಮಾತು, ಕೇಳುವವರು ಎದುರಿಗೇ ಉಂಟು. ಹಾಲ್‌ನಲ್ಲಿ ಸುಧಾಕರನ ಹೆಜ್ಜೆಯ ಸದ್ದು ನಿಂತಿತ್ತು.

"ಒಂದು ಅಗಳು ಅನ್ನ ಮುಟ್ಟಲಿಲ್ಲ" ಎಂದೆ.

"ವಾವ್" ಎಂದಳು. ಆ ವಾವ್ ನನಗೆ ಬರಬೇಕಿತ್ತು. ಹೆಜ್ಜೆಯ ಸದ್ದು ಮತ್ತೆ ಶುರುವಾಯಿತು.

ನಾನು ಹೊರಗೆ ಬಂದಾಗ ಸುಧಾಕರ ನನ್ನ ಮುಖ ನೋಡಲಿಲ್ಲ. "ಉಂಡಳಾ?" ಎಂದ.

"ನಾನು ಕೇಳಲಿಲ್ಲ."

"ಮತ್ತೆ ನೀನು ಬಂದದ್ದು ಎಂತಕ್ಕೆ? ಅಡುಗೆ ಕಲಿಯಲಿಕ್ಕೆ ಕಾಲೇಜು ಬೇರೆ! ಹೊಗೆ, ಬೆವರು, ಎಂಜಲು. ನಮ್ಮ ಮನೆಯಲ್ಲಿ ಒಬ್ಬ ಆದದ್ದು ಸಾಕು." ಆಮೇಲೆ ತಡವರಿಸಿದ. "ನಿನಗೆ ಅಂದದ್ದಲ್ಲ ಅಣ್ಣ."

"ಮತ್ತೆ ಯಾರಿಗೆ? ಮನೆಯಲ್ಲಿ ಇನ್ನೊಬ್ಬ ಇದ್ದಾನಾ?"

"ನಿನ್ನ ಕೈ ನೋಡಿಕೋ" ಎಂದ, ಧ್ವನಿ ಏರಿಸಿ. "ಮೊಣಕೈವರೆಗೆ ಸುಟ್ಟ ಕಲೆ. ನೀನು ಪೇಪರಿನ ಕಟ್ಟು ಹಿಡಿದು ಬರುವಾಗ ಆ ಕೈಯಲ್ಲಿ ಎಣ್ಣೆ ಸಿಡಿದ ಬೊಬ್ಬೆ ಇರುತ್ತಿತ್ತು. ನಾನು ಅದನ್ನು ನೋಡಿಕೊಂಡೇ ತಿಂದದ್ದು. ಅವಳಿಗೂ ಆ ಕೈ ಆಗಬೇಕಾ?"

ಅವನು ಮರೆತಿದ್ದಾನೆ ಎಂದುಕೊಂಡೇ ಇಷ್ಟು ವರ್ಷ ಉರಿದವ ನಾನು. ಅವನು ಮರೆತಿರಲಿಲ್ಲ, ನೆನಪಿಟ್ಟುಕೊಂಡು ಮರುಕ ಪಟ್ಟಿದ್ದ. ಅದು ಇನ್ನೂ ಕಷ್ಟ. ಈ ಕೈ ನೋಡಿ ಯಾರೂ ಮರುಕ ಪಡುವುದು ಬೇಡ. ನಾನೂರು ಜನ ಇದನ್ನು ನಂಬಿ ಬೆಳಿಗ್ಗೆ ಏಳುತ್ತಾರೆ.

ವನಿತಾ ಮೇಜಿನ ಮೇಲೆ ತಟ್ಟೆ ಇಟ್ಟು ಕೋಳಿ ಸಾರು, ರೊಟ್ಟಿ ತಂದಳು. ಕೊತ್ತಂಬರಿ ಹುರಿದ ಪರಿಮಳ ಮೂಗಿಗೆ ಬಡಿಯಿತು. ನಸುಕಿನಿಂದ ನನ್ನ ಹೊಟ್ಟೆಗೆ ಬಿದ್ದದ್ದು ಬಸ್ಸು ನಿಂತಲ್ಲಿ ಕುಡಿದ ಒಂದು ಸುಲೇಮಾನಿ ಚಹಾ.

"ಬಾ ಅಣ್ಣ, ಊಟ ಮಾಡಿ ಮಾತಾಡುವ" ಎಂದ ಸುಧಾಕರ.

"ನನಗೆ ಬೇಡ."

ಹೇಳಿದವನು ನಾನೇ ಎಂದು ನನಗೇ ಒಂದು ಗಳಿಗೆ ಗೊತ್ತಾಗಲಿಲ್ಲ.

"ಹೊಟ್ಟೆ ಸರಿ ಇಲ್ಲವಾ?"

"ಹೊಟ್ಟೆ ಸರಿ ಉಂಟು. ಊಟ ಬೇಡ. ನೀನು ಸಹಿ ಹಾಕುವವರೆಗೆ."

ನಮ್ಮ ಮನೆಯಲ್ಲಿ ಅಮ್ಮನ ಕಾನೂನೊಂದು ಉಂಟು. ಹಿರಿಯವ ಮೊದಲ ತುತ್ತು ಬಾಯಿಗೆ ಇಡುವವರೆಗೆ ಕಿರಿಯವ ಕೈ ಹಾಕಬಾರದು. ಅಮ್ಮ ಹೋಗಿ ಎಷ್ಟೋ ವರ್ಷವಾಯಿತು. ಸುಧಾಕರ ಇನ್ಶೂರೆನ್ಸ್ ಮ್ಯಾನೇಜರ್ ಆದ, ಕಾರು ತೆಗೆದುಕೊಂಡ, ಅದೊಂದನ್ನು ಮಾತ್ರ ಮೀರಿದವನಲ್ಲ. ಈಗ ಅವನ ತಟ್ಟೆ ತುಂಬಿ ಉಂಟು, ನನ್ನದು ಖಾಲಿ ಉಂಟು. ಇಬ್ಬರೂ ಕೂತೆವು. ರೊಟ್ಟಿ ಸಾರಿನಲ್ಲಿ ನೆನೆಯುತ್ತಾ ಉಂಟು. ವನಿತಾ ಇಬ್ಬರನ್ನೂ ನೋಡಿ, "ಅದು ನಿಮ್ಮ ಅಮ್ಮನ ಕಾನೂನು, ನನ್ನ ಅಮ್ಮನ ಮನೆಯಲ್ಲಿ ಹಾಗೆಲ್ಲ ಇಲ್ಲ" ಎಂದು ತನ್ನ ತಟ್ಟೆಗೆ ಬಡಿಸಿಕೊಂಡು, ಒಂದು ಕಾಲಿನ ತುಂಡು ಆರಿಸಿ, ನಮ್ಮ ಎದುರಿಗೇ ಉಂಡಳು.

ಐವತ್ತು ದಿನ ಹೇಗೆ ಕಳೆದರೋ ನನಗೆ ಗೊತ್ತಿಲ್ಲ. ನಾನು ಐವತ್ತು ನಿಮಿಷಕ್ಕೆ ರೊಟ್ಟಿ ಲೆಕ್ಕ ಮಾಡಲಿಕ್ಕೆ ಶುರು ಮಾಡಿದೆ. ಒಂದು ಗಂಟೆಗೆ ತಲೆ ಸುತ್ತಿತು. ಆ ಸಾರಿಗೆ ಉಪ್ಪು ಒಂದು ಚಿಟಿಕೆ ಕಡಿಮೆ ಎಂದು ಪರಿಮಳದಲ್ಲೇ ಗೊತ್ತಾಗಿ, ಅದನ್ನು ಹೇಳಲಿಕ್ಕೂ ಆಗದೆ ಒದ್ದಾಡಿದೆ. ಹೊಟ್ಟೆ ಬೇರೆಯವರನ್ನು ಕರೆಯುವ ಹಾಗೆ ಕೂಗುತ್ತಿತ್ತು. ಅದಕ್ಕೆ ಉತ್ತರ ಕೊಟ್ಟದ್ದು ಸುಧಾಕರನ ಹೊಟ್ಟೆ. ಇಡೀ ಹಾಲ್‌ಗೆ ಕೇಳಿತು. ರೂಮಿನ ಬಾಗಿಲ ಹಿಂದಿನಿಂದ ನಗು ಬಂತು.

"ನಗಬೇಡ ನೀನು!" ಎಂದು ಸುಧಾಕರ ಕೂಗಿದ. ಆಮೇಲೆ ನನ್ನ ಕಡೆ ಬಾಗಿ ತುಳುವಿನಲ್ಲಿ, ಸಣ್ಣದಾಗಿ ಹೇಳಿದ. "ಉಣ್ಣು ಮಾರಾಯ. ನನಗೆ ಬಿಪಿ ಮಾತ್ರೆ ತೆಗೆದುಕೊಳ್ಳಲಿಕ್ಕುಂಟು."

"ಪೆನ್ನು ಎಲ್ಲಿ ಉಂಟು?"

"ನಾಳೆ ಅವಳಿಗೆ ಕೈ ಸುಟ್ಟರೆ?"

"ಸುಡುತ್ತದೆ. ಮುಲಾಮು ನಾನು ಕೊಡುತ್ತೇನೆ."

ಅವನು ಸಹಿ ಹಾಕಿದ್ದು ಮಗಳಿಗೆ ಬದುಕು ಕೊಟ್ಟವನ ಹಾಗೆ ಅಲ್ಲ, ಕೊರಿಯರಿನವನಿಗೆ ಹಾಕಿದ ಹಾಗೆ. ಪರವಾಗಿಲ್ಲ, ಫಾರಮ್ಮಿಗೆ ಅಷ್ಟು ಸಾಕಿತ್ತು. ಅನ್ವಿತಾ ಬಂದು ನನ್ನ ಪಕ್ಕ ಕೂತಳು. ನಾನು ಮೊದಲ ತುತ್ತು ಇಟ್ಟೆ. ಸಾರಿಗೆ ಉಪ್ಪು ನಿಜವಾಗಿಯೂ ಕಡಿಮೆ ಇತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಂಟು ರೊಟ್ಟಿ ತಿಂದೆ.

ಅವಳು ಕಾಲೇಜು ಸೇರಿ ಈಗ ಮೂರು ತಿಂಗಳಾಯಿತು. ಸುಧಾಕರ ಆಫೀಸಿನಲ್ಲಿ ಹೊಸ ಕತೆ ಹೇಳುತ್ತಾನಂತೆ. 'ನನ್ನ ಮಗಳು ಎರಡು ದಿನ ಊಟ ಬಿಟ್ಟು ನನ್ನನ್ನು ಸೋಲಿಸಿದಳು, ನನ್ನದೇ ರಕ್ತ ನೋಡಿ.' ವನಿತಾ ಫೋನಿನಲ್ಲಿ ಹೇಳಿ ನಕ್ಕಳು. ಒಂದೂವರೆ ಗಂಟೆ ಊಟ ಬಿಟ್ಟವರ ಸುದ್ದಿ ಅದರಲ್ಲಿ ಉಂಟಾ ಎಂದು ನಾನು ಕೇಳಲಿಲ್ಲ.

ಮೊನ್ನೆ ಅನ್ವಿತಾ ಒಂದು ಫೋಟೋ ಕಳಿಸಿದಳು. ಬಿಳಿ ಕೋಟು, ಎರಡು ಸಾಲು ಗುಂಡಿ, ತಲೆಯ ಮೇಲೆ ಒಂದು ಮೊಳ ಎತ್ತರದ ಬಿಳಿ ಟೊಪ್ಪಿ. ನಾನು ಇಷ್ಟು ವರ್ಷ ತಲೆಗೆ ಕಟ್ಟಿದ್ದು ಊರಿನಲ್ಲಿ ಬೈರಾಸು, ಇಲ್ಲಿ ಪ್ಲಾಸ್ಟಿಕ್ಕಿನ ಬಲೆ. ಫೋಟೋ ನೋಡಿ ಕಣ್ಣು ತುಂಬಿ ಬಂತು ಎಂದು ಬರೆದರೆ ನಿಮಗೆ ಚೆನ್ನಾಗಿರುತ್ತದೆ. ಬಂತು, ಆದರೆ ಆಮೇಲೆ. ಮೊದಲು ಬಂದದ್ದು ಅದಲ್ಲ. ಮೊದಲು ಬಂದದ್ದು ಏನೆಂದು ಇಷ್ಟು ಓದಿದವರಿಗೆ ನಾನು ಹೇಳಬೇಕಾಗಿಲ್ಲ. ಎರಡು ಬೆರಳಿನಿಂದ ಫೋಟೋ ದೊಡ್ಡ ಮಾಡಿ, ಹುಳುಕು ಹುಡುಕಿ ಹುಡುಕಿ, ಕೊನೆಗೆ ಅವಳಿಗೆ ಫೋನು ಹಚ್ಚಿದೆ.

"ಟೊಪ್ಪಿ ಓರೆಯಾಗಿದೆ" ಎಂದೆ. "ಸರಿ ಮಾಡಿಕೋ."